ಬ್ರಿಟನ್ನಿನ 2 ವರ್ಷದ ವೀಸಾದಲ್ಲಿ ಕಾಫಿ ವ್ಯಾಪಾರ: ಕಂಪನಿ ಮಾಡಬಹುದಾ, ಮಾಡಿದ್ರೆ ಹೇಗೆ?

ಹೇಮಾವತಿ ದಂಡೆ (ಸಕಲೇಶಪುರ)

ಎಲ್ಲರಿಗೂ ನಮಸ್ಕಾರ. ವಯಸ್ಸು 27, ಬಿ.ಇ. ಆಗಿದೆ. ಮನೇಲಿ ಅರೇಬಿಕಾ ತೋಟ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಬ್ರಿಟನ್ನಿನ ಇಂಡಿಯಾ ಯಂಗ್ ಪ್ರೊಫೆಷನಲ್ಸ್ ವೀಸಾಕ್ಕೆ ಲಾಟರಿ ಹಾಕೋಣ ಅಂತಿದ್ದೀನಿ. ಹೋದರೆ ಅಲ್ಲಿ ನಮ್ಮ ತೋಟದ ಕಾಫಿ ಮಾರೋ ಸಣ್ಣ ಕಂಪನಿ ಮಾಡಬೇಕು ಅನ್ನೋದು ಯೋಚನೆ. ನನ್ನ ಪ್ರಶ್ನೆಗಳು: ಈ ವೀಸಾದಲ್ಲಿ ಕಂಪನಿ ಮಾಡಕ್ಕೆ ಬಿಡ್ತಾರಾ? 1 ಕೆಜಿಯ ಹುರಿಯೋ ಯಂತ್ರ ತಗೋಬಹುದಾ? ಇಲ್ಲಿಂದಲೇ ಆನ್‌ಲೈನಲ್ಲಿ ಕಂಪನಿ ನೋಂದಾಯಿಸಿ ಹೊರಟರೆ ಸಮಯ ಉಳಿಯುತ್ತಾ? ಆಸ್ಟ್ರೇಲಿಯಾ ಇದಕ್ಕಿಂತ ವಾಸಿನಾ?

ಕೋಟೆ ಬೀದಿ (ಹಾಸನ)

ಮೊದಲ ಪ್ರಶ್ನೆಗೆ ಉತ್ತರ: ಬಿಡ್ತಾರೆ. ಆದರೆ ಮೂರು ಬೇಲಿ ಇದೆ. ವ್ಯಾಪಾರ ನಡೆಸೋ ಜಾಗ ನಿಮ್ಮ ಸ್ವಂತದ್ದಾಗಿರಬಾರದು, ಬಾಡಿಗೆಯದ್ದಾಗಿರಬೇಕು. ವ್ಯಾಪಾರಕ್ಕೆ ಬಳಸೋ ಸಲಕರಣೆಗಳ ಒಟ್ಟು ಬೆಲೆ 5,000 ಪೌಂಡ್ ದಾಟಬಾರದು. ಒಬ್ಬ ನೌಕರನನ್ನೂ ಇಟ್ಟುಕೊಳ್ಳಬಾರದು. ಯಾವ ವ್ಯಾಪಾರ ಅಂತ ಆಮೇಲೆ ಯೋಚಿಸಿ, ಮೊದಲು ಈ ಮೂರು ಸಾಲು ಬಾಯಿಪಾಠ ಮಾಡಿಕೊಳ್ಳಿ. ಎಷ್ಟೋ ಜನ ವ್ಯಾಪಾರ ಮೊದಲು ಗಟ್ಟಿ ಮಾಡಿಕೊಂಡು ಆಮೇಲೆ ಅದನ್ನ ವೀಸಾದೊಳಗೆ ತುರುಕಕ್ಕೆ ಹೋಗ್ತಾರೆ.

ಲಾಟರಿ ವಿಷಯ. ವರ್ಷಕ್ಕೆ 3,000 ಜಾಗ. ಸಾಮಾನ್ಯವಾಗಿ ಫೆಬ್ರವರಿ ಮತ್ತು ಜುಲೈನಲ್ಲಿ ಒಂದೆರಡು ದಿನ ಮಾತ್ರ ತೆರೆದಿರುತ್ತೆ, ಹೆಸರು ಹಾಕೋದು ಉಚಿತ. ಹೆಸರು ಹಾಕಿಸಕ್ಕೆ ದುಡ್ಡು ಕೇಳೋ ಏಜೆಂಟ್ ಸಿಕ್ಕಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಆಯ್ಕೆ ಆದ್ರೆ ಇಮೇಲ್ ಬಂದ ದಿನದಿಂದ 90 ದಿನದೊಳಗೆ ಅರ್ಜಿ, ಶುಲ್ಕ, ಬಯೋಮೆಟ್ರಿಕ್ ಎಲ್ಲ ಮುಗಿಸಬೇಕು. ಶುಲ್ಕ 2025ರಲ್ಲಿ 319 ಪೌಂಡ್ ಇತ್ತು, ಅರ್ಜಿ ಹಾಕೋ ದಿನ ಮತ್ತೆ ನೋಡಿಕೊಳ್ಳಿ. ಅದರ ಮೇಲೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776ರಂತೆ ಎರಡು ವರ್ಷದ್ದು 1,552, ಒಟ್ಟಿಗೇ ಕಟ್ಟಬೇಕು. ಇದು ಖರ್ಚಾಗಿ ಹೋಗೋ ದುಡ್ಡು. ಇದಲ್ಲದೆ 2,530 ಪೌಂಡ್ ನಿಮ್ಮ ಖಾತೇಲಿ ಸತತ 28 ದಿನ ಕೂತಿರಬೇಕು. ಒಂದು ದಿನ ಬ್ಯಾಲೆನ್ಸ್ ಕೆಳಗಿಳಿದರೂ ಎಣಿಕೆ ಮತ್ತೆ ಒಂದರಿಂದ. ರೂಪಾಯಿ ಬಿದ್ದಾಗ ತೊಂದರೆ ಆಗದ ಹಾಗೆ ಸ್ವಲ್ಪ ಹೆಚ್ಚೇ ಇಡಿ. ಕ್ಷಯ ಪರೀಕ್ಷೆ ಅವರು ಒಪ್ಪಿದ ಕ್ಲಿನಿಕ್ಕಲ್ಲೇ ಆಗಬೇಕು, ನಮ್ಮ ಕಡೆಯವರಿಗೆ ಅಂದ್ರೆ ಬೆಂಗಳೂರು. ಪದವಿ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲದಿದ್ರೆ ಈಗಲೇ ವಿಶ್ವವಿದ್ಯಾಲಯಕ್ಕೆ ಓಡಾಡಿ. 90 ದಿನದಲ್ಲಿ ಅರ್ಧ ಅದಕ್ಕೇ ಹೋಗುತ್ತೆ.

ಹೇಮಾವತಿ ದಂಡೆ

ಧನ್ಯವಾದ ಅಣ್ಣ. ಹುರಿಯೋ ಯಂತ್ರ 5,000 ದಾಟೋ ಹಾಗಿದೆ. ಕೊಳ್ಳದೆ ಬಾಡಿಗೆಗೆ ತಗೊಂಡ್ರೆ? ನನ್ನ ಹೆಸರಲ್ಲಿ ಇಲ್ಲವಲ್ಲ.

ತಣ್ಣೀರುಹಳ್ಳ (ಹಾಸನ)

ಬಾಡಿಗೆ ಅಂದ್ರೆ ಲೆಕ್ಕಕ್ಕೆ ಬರಲ್ಲ. ಜಾಗಕ್ಕೆ ಹೇಗೋ ಯಂತ್ರಕ್ಕೂ ಹಾಗೇ.

ಕೋಟೆ ಬೀದಿ

ಇಲ್ಲೇ ಎಡವೋದು. ಜಾಗದ ಷರತ್ತಿನಲ್ಲಿ ‘ಸ್ವಂತದ ಜಾಗ ಇರಬಾರದು’ ಅಂತ ಒಡೆತನದ ಮಾತಿದೆ. ಸಲಕರಣೆಯ ಷರತ್ತಿನಲ್ಲಿ ಒಡೆತನದ ಮಾತೇ ಇಲ್ಲ, ‘ವ್ಯಾಪಾರದಲ್ಲಿ ಬಳಸುವ ಯಾವುದೇ ಸಲಕರಣೆಯ ಒಟ್ಟು ಬೆಲೆ’ ಅಂತಿದೆ. ಅಂದ್ರೆ 8,000 ಪೌಂಡಿನ ಯಂತ್ರವನ್ನ ತಿಂಗಳ ಬಾಡಿಗೆಗೆ ತಂದು ನಿಮ್ಮ ಶೆಡ್ಡಲ್ಲಿಟ್ಟು ನೀವೇ ಹುರಿದರೆ ಅದು ನಿಮ್ಮ ವ್ಯಾಪಾರದಲ್ಲಿ ಬಳಕೆಯಾದ ಯಂತ್ರವೇ. ಲೀಸ್ ಕಾಗದ ತೋರಿಸಿ ಬಚಾವಾಗ್ತೀನಿ ಅನ್ನೋ ಧೈರ್ಯ ಬೇಡ. ನಿಮ್ಮ ಲ್ಯಾಪ್‌ಟಾಪ್, ಗ್ರೈಂಡರ್, ಪ್ಯಾಕೆಟ್ ಸೀಲ್ ಮಾಡೋದು, ತೂಕದ ಯಂತ್ರ, ವ್ಯಾಪಾರಕ್ಕೆ ಓಡಿಸೋ ಹಳೆ ವ್ಯಾನ್ ಎಲ್ಲ ಸೇರಿಸಿ 5,000. ಒಂದು ಹಾಳೇಲಿ ವಸ್ತು, ಕೊಂಡ ದಿನ, ಬೆಲೆ ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ.

ಮಾರೋ ಸರಕು ಬೇರೆ, ಸಲಕರಣೆ ಬೇರೆ. ಕಾಫಿ ಬೀಜದ ಮೂಟೆ ಸರಕು.

ಸೆಲೆಕ್ಷನ್ 795 (ಚಿಕ್ಕಮಗಳೂರು)

ಯಂತ್ರದ ಆಸೆ ಬಿಡು ಮಾರಾಯ. ಬೇರೆಯವರಿಂದ ಹುರಿಸು. ಅಲ್ಲಿನ ಎಷ್ಟೋ ಸಣ್ಣ ರೋಸ್ಟರುಗಳು ಕೆಜಿಗಿಷ್ಟು ಅಂತ ಕೂಲಿಗೆ ಹುರಿದು ಕೊಡ್ತಾರೆ. ಯಂತ್ರ ಅವರದು, ಕೈ ಅವರದು, ಬಿಲ್ಲಿನಲ್ಲಿ ‘ಹುರಿದ ಸೇವೆ’ ಅಂತ ಇರುತ್ತೆ. ಆಗ ಅದು ನಿನ್ನ ಸಲಕರಣೆಯ ಲೆಕ್ಕಕ್ಕೆ ಬರಲ್ಲ. ಕನಿಷ್ಠ ಎಷ್ಟು ಕೆಜಿ ಒಂದು ಸಲಕ್ಕೆ ಹಾಕ್ತಾರೆ ಅಂತ ಮೊದಲೇ ಕೇಳು. ಸಣ್ಣ ಲಾಟನ್ನ ದೊಡ್ಡ ಡ್ರಮ್ಮಿಗೆ ಹಾಕಿದ್ರೆ ಹುರಿತ ಕೆಡುತ್ತೆ, ಅವರೂ ಒಪ್ಪಲ್ಲ.

ಲೆಕ್ಕ ಹೀಗೆ ಹಿಡಿ. 50 ಕೆಜಿ ಪಾರ್ಚ್‌ಮೆಂಟ್ (ಸಿಪ್ಪೆ ಇರೋ ಒಣ ಬೀಜ) ಮೂಟೆ ಕ್ಯೂರಿಂಗ್ (ಸಿಪ್ಪೆ ತೆಗೆದು ವಿಂಗಡಿಸೋದು) ಆದಮೇಲೆ ಸುಮಾರು 40 ಕೆಜಿ ಹಸಿ ಬೀಜ. ಹುರಿದಾಗ ತೂಕದಲ್ಲಿ ಶೇ 15ರಿಂದ 18 ಹೋಗುತ್ತೆ. ರಫ್ತಿನ 60 ಕೆಜಿ ಚೀಲಕ್ಕೆ ಶೇ 16 ಕಳೆದರೆ 50.4 ಕೆಜಿ, 250 ಗ್ರಾಂ ಪ್ಯಾಕೆಟ್ ಮಾಡಿದರೆ 201. ಮೊದಲ ವರ್ಷಕ್ಕೆ ಎರಡು ಚೀಲ ಸಾಕು, ಹತ್ತು ಚೀಲದ ಕನಸು ಕಾಣಬೇಡ. ಹುರಿದ ಬೀಜದ ಘಮ ವಾರಗಳಲ್ಲೇ ಇಳಿಯುತ್ತೆ. ಹಸಿ ಬೀಜವನ್ನ ಒಳಪದರದ ಚೀಲದಲ್ಲಿ, ತೇವ ಶೇ 10ರಿಂದ 12ರೊಳಗೆ ಇಟ್ಟರೆ ತಿಂಗಳುಗಟ್ಟಲೆ ತಡೆಯುತ್ತೆ. ಅದಕ್ಕೇ ಇಲ್ಲಿಂದ ಹಸಿ ಬೀಜವನ್ನೇ ಕಳಿಸು. ಅಲ್ಲಿನ ಸುಂಕವೂ ಹಸಿ ಬೀಜಕ್ಕೆ ಶೂನ್ಯ. ಹುರಿದದ್ದರ ದರ ಬೇರೆ, ಕಳಿಸೋ ವಾರವೇ ಬ್ರಿಟನ್ ಸರ್ಕಾರದ ಟ್ಯಾರಿಫ್ ತಾಣದಲ್ಲಿ ಕಾಫಿಯ ಕೋಡ್ 0901 ಅಂತ ಹಾಕಿ ನೋಡು.

ಕಾಗದಪತ್ರ ಇಲ್ಲಿ ಆಗಬೇಕಾದ್ದು: ಅಪ್ಪನ ಹೆಸರಲ್ಲೋ ತೋಟದ ಸಂಸ್ಥೆಯ ಹೆಸರಲ್ಲೋ ಆಮದು-ರಫ್ತು ಕೋಡ್, ಶುಲ್ಕ 500 ರೂಪಾಯಿ. ಆಮೇಲೆ ಕಾಫಿ ಮಂಡಳಿಯಲ್ಲಿ ರಫ್ತುದಾರ ಅಂತ ನೋಂದಣಿ. ಪ್ರತಿ ಸಾಗಣೆಗೂ ಮಂಡಳಿಯ ಪರ್ಮಿಟ್ಟು, ಮೂಲ ಪ್ರಮಾಣಪತ್ರ. ಮೆಣಸು ಕಳಿಸಬೇಕು ಅಂದ್ರೆ ಕಾಫಿ ಮಂಡಳಿ ಸಾಕಾಗಲ್ಲ, ಸಾಂಬಾರ ಮಂಡಳಿಯ ನೋಂದಣಿ ಬೇರೆ. ಎರಡು ಚೀಲಕ್ಕೆ ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಿಸಿದ್ರೆ, ಈಗಾಗಲೇ ನೋಂದಣಿ ಇರೋ ಕ್ಯೂರಿಂಗ್ ವರ್ಕ್ಸ್ ಅಥವಾ ರಫ್ತುದಾರರ ಮೂಲಕ ಕಳಿಸು. ನಮ್ಮೂರಲ್ಲೂ ಹಾಸನದಲ್ಲೂ ಅದಕ್ಕೆ ಕೊರತೆ ಇಲ್ಲ. ಆದರೆ ನಿನ್ನ ಲಾಟ್ ಬೇರೆಯವರ ಬೀಜದ ಜೊತೆ ಬೆರೆಯಬಾರದು ಅಂತ ಬರವಣಿಗೇಲಿ ತಗೋ. ‘ನಮ್ಮ ತೋಟದ ಕಾಫಿ’ ಅಂತ ಮಾರೋನಿಗೆ ಅದೇ ಬಂಡವಾಳ.

ಇನ್ನೊಂದು. ‘ಬಾಬಾಬುಡನ್‌ಗಿರಿ ಅರೇಬಿಕಾ’, ‘ಚಿಕ್ಕಮಗಳೂರು ಅರೇಬಿಕಾ’ ಎರಡೂ 2019ರಿಂದ ಭೌಗೋಳಿಕ ಸೂಚಕ (ಜಿಐ) ಇರೋ, ಅಂದ್ರೆ ಆ ಪ್ರದೇಶದ ಕಾಫಿಗಷ್ಟೇ ಮೀಸಲಾದ ಹೆಸರುಗಳು. ಸಕಲೇಶಪುರದ ತೋಟದ ಕಾಫಿಗೆ ಆ ಹೆಸರು ಅಂಟಿಸಬೇಡ.

ಲೆಕ್ಕದ ಪುಸ್ತಕ (ಚಿಕ್ಕಮಗಳೂರು)

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದೇ ದುಬಾರಿ ತಪ್ಪು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಬೇಡಿ.

ಹೊರಗಿನವರೂ ಬ್ರಿಟನ್ನಿನಲ್ಲಿ ಕಂಪನಿ ನೋಂದಾಯಿಸಬಹುದು, ಅಲ್ಲಿನ ಕಾನೂನು ತಡೆಯಲ್ಲ. ತಡೆ ಇರೋದು ಇಲ್ಲಿ. ಸಕಲೇಶಪುರದಲ್ಲಿ ಕೂತು ಷೇರು ತಗೊಂಡ ದಿನ ನೀವು ಭಾರತದ ನಿವಾಸಿ. ಅದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರ ಹೊರದೇಶದಲ್ಲಿ ಮಾಡಿದ ನೇರ ಹೂಡಿಕೆ, 2022ರ ಆಗಸ್ಟ್ 22ರಿಂದ ಜಾರಿಯಲ್ಲಿರೋ ನಿಯಮಗಳು ಅನ್ವಯ. ಬ್ಯಾಂಕಿನ ಮೂಲಕ ಎಫ್‌ಸಿ ನಮೂನೆ ಸಲ್ಲಿಸಿ ಗುರುತಿನ ಸಂಖ್ಯೆ ಪಡೆಯಬೇಕು, ದುಡ್ಡು ಕಳಿಸಿದ ಮೇಲೆ 6 ತಿಂಗಳೊಳಗೆ ಷೇರಿನ ದಾಖಲೆ ಕೊಡಬೇಕು, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಕಾರ್ಯನಿರ್ವಹಣಾ ವರದಿ ಸಲ್ಲಿಸಬೇಕು. ಕಾರ್ಡಿನಲ್ಲಿ ನೂರು ಪೌಂಡ್ ಕಟ್ಟಿ ಹತ್ತು ನಿಮಿಷದಲ್ಲಿ ನೋಂದಾಯಿಸಿದವರಿಗೆ ಇದ್ಯಾವುದೂ ಗೊತ್ತಿರಲ್ಲ. ಗೊತ್ತಾಗೋ ಹೊತ್ತಿಗೆ ತಡದ ಶುಲ್ಕ ಬೆಳೆದಿರುತ್ತೆ.

ಉದ್ಯೋಗಕ್ಕೋ ವ್ಯಾಪಾರಕ್ಕೋ ಅಂತ ದೇಶ ಬಿಟ್ಟಮೇಲೆ ಫೆಮಾ ಕಣ್ಣಲ್ಲಿ ನೀವು ಅನಿವಾಸಿ. ಅಲ್ಲಿ ದುಡಿದ ದುಡ್ಡಲ್ಲಿ ಅಲ್ಲೇ ಕಂಪನಿ ಮಾಡಿದರೆ ಮೇಲಿನ ತಾಪತ್ರಯ ಯಾವುದೂ ಇಲ್ಲ. ವಾಪಸ್ ಬಂದಮೇಲೂ ಆ ಆಸ್ತಿ ಇಟ್ಟುಕೊಳ್ಳಕ್ಕೆ ಫೆಮಾದ 6(4)ನೇ ಕಲಮು ಅವಕಾಶ ಕೊಡುತ್ತೆ. ಹೊರಟ ಮೇಲೆ ಇಲ್ಲಿನ ಉಳಿತಾಯ ಖಾತೆಯನ್ನ ಎನ್‌ಆರ್‌ಒ (ಅನಿವಾಸಿಗಳ ಖಾತೆ) ಮಾಡಿಸಿ, ಮರೀಬೇಡಿ.

ಇನ್ನು ಅಪ್ಪ ರಫ್ತುದಾರ, ಮಗ ಆಮದುದಾರ ಆದಾಗ ಆಗೋ ಎಡವಟ್ಟು. ‘ಮನೆ ಕಾಫಿ ತಾನೇ’ ಅಂತ ದುಡ್ಡು ಕಳಿಸದೆ ಕೂರೋದು. ಶಿಪ್ಪಿಂಗ್ ಬಿಲ್ ಆದ ಕೂಡಲೇ ರಫ್ತಿನ ಹಣ ಬಂತಾ ಅಂತ ನೋಡೋ ರಿಸರ್ವ್ ಬ್ಯಾಂಕಿನ ಇಡಿಪಿಎಂಎಸ್ ವ್ಯವಸ್ಥೇಲಿ ಒಂದು ಬಾಕಿ ತೆರೆದುಕೊಳ್ಳುತ್ತೆ. ಬ್ಯಾಂಕಿಗೆ ಹಣ ಬಂದು ಆ ಸಾಲು ಮುಚ್ಚೋವರೆಗೂ ಅಪ್ಪಂಗೆ ಫೋನು ನಿಲ್ಲಲ್ಲ. ಹಣ ತರಿಸೋ ಅವಧಿ 9 ತಿಂಗಳಿದ್ದದ್ದು 2025ರ ನವೆಂಬರಿನಲ್ಲಿ 15 ತಿಂಗಳಾಗಿದೆ. ಇನ್‌ವಾಯ್ಸಿನಲ್ಲಿ ಹಾಕಿದ ಬೆಲೆಯನ್ನೇ, ಬ್ಯಾಂಕ್ ಮೂಲಕವೇ ಕಳಿಸಿ. ಊರಿಗೆ ಬರೋ ಗೆಳೆಯನ ಕೈಯಲ್ಲಿ ನಗದು ಕೊಟ್ಟು ಕಳಿಸಿದ್ರೆ ಆ ಬಾಕಿ ತೀರಲ್ಲ.

ತಣ್ಣೀರುಹಳ್ಳ

ಬಾಡಿಗೆ ಯಂತ್ರದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ನಿಯಮ ಓದಿದೆ, ಒಪ್ಪಿದೆ. ಈಗ ನನ್ನ ಪ್ರಶ್ನೆ: ಇಷ್ಟು ಸಣ್ಣ ವ್ಯಾಪಾರಕ್ಕೆ ಲಿಮಿಟೆಡ್ ಕಂಪನಿ ಯಾಕೆ ಬೇಕು? ಸೋಲ್ ಟ್ರೇಡರ್ (ಕಂಪನಿ ಇಲ್ಲದೆ ಸ್ವಂತ ಹೆಸರಲ್ಲೇ ವ್ಯಾಪಾರ ಮಾಡೋರು) ಆಗಿ ಮಾಡಿದರೆ ಆಗಲ್ವಾ? ಸಾಫ್ಟ್‌ವೇರ್ ಕೆಲಸ ಬಿಡಿಬಿಡಿಯಾಗಿ ಮಾಡೋರಿಗೂ ಇದೇ ಗೊಂದಲ.

ಕೋಟೆ ಬೀದಿ

ನನ್ನ ಮಟ್ಟಿಗೆ ಸೋಲ್ ಟ್ರೇಡರೇ ಸರಿ. ನೋಂದಣಿಗೆ ದುಡ್ಡಿಲ್ಲ. ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5. ವ್ಯಾಪಾರದ ಒಟ್ಟು ಆದಾಯ ಆ ವರ್ಷ 1,000 ಪೌಂಡ್ ದಾಟಿದರೆ ವರ್ಷ ಮುಗಿದ ಮೇಲೆ ಬರೋ ಅಕ್ಟೋಬರ್ 5ರೊಳಗೆ ಸೆಲ್ಫ್ ಅಸೆಸ್‌ಮೆಂಟಿಗೆ (ನಾವೇ ಲೆಕ್ಕ ಕೊಟ್ಟು ತೆರಿಗೆ ಕಟ್ಟೋ ವ್ಯವಸ್ಥೆ) ಹೆಸರು ಕೊಡಬೇಕು, ಅದರ ಮುಂದಿನ ಜನವರಿ 31ರೊಳಗೆ ರಿಟರ್ನ್ ಮತ್ತು ತೆರಿಗೆ. ಅಷ್ಟೇ. ವೀಸಾ ಮುಗಿದ ದಿನ ಮುಚ್ಚಕ್ಕೆ ಏನೂ ಇರಲ್ಲ, ಕೊನೇ ರಿಟರ್ನ್ ಮಾತ್ರ ಬಾಕಿ. ಅದನ್ನೇ ಎಲ್ಲರೂ ಮರೆಯೋದು: 2028ರ ಜುಲೈನಲ್ಲಿ ವಾಪಸ್ ಬಂದರೆ ಅದು 2028-29ರ ತೆರಿಗೆ ವರ್ಷ, ಆನ್‌ಲೈನ್ ರಿಟರ್ನಿನ ಗಡುವು 2030ರ ಜನವರಿ 31. ಊರಿಗೆ ಬಂದು ಒಂದೂವರೆ ವರ್ಷ ಆಗಿರುತ್ತೆ, ಯಾರಿಗೆ ನೆನಪಿರುತ್ತೆ? ಹೊರಡೋ ಮುಂಚೆ ಕ್ಯಾಲೆಂಡರಲ್ಲಿ ಹಾಕಿ, ಅಥವಾ ಏಪ್ರಿಲ್ ಕಳೆದ ಕೂಡಲೇ ಸಲ್ಲಿಸಿ ಕೈ ತೊಳೆದುಕೊಳ್ಳಿ.

ಲಿಮಿಟೆಡ್ ಕಂಪನಿಯ ಲಾಭ ಅಂದ್ರೆ ಸಾಲ-ನಷ್ಟ ನಿಮ್ಮ ಮೈಮೇಲೆ ನೇರವಾಗಿ ಬರಲ್ಲ, ಕೆಲವು ಗಿರಾಕಿಗಳು ಕಂಪನಿ ಇದ್ರೆ ಮಾತ್ರ ವ್ಯವಹರಿಸ್ತಾರೆ. ಸಾಫ್ಟ್‌ವೇರಿನವರಿಗೆ ಈ ಎರಡನೇ ಕಾರಣ ನಿಜಕ್ಕೂ ಇದೆ.

ಲೆಕ್ಕದ ಪುಸ್ತಕ

ಕಂಪನಿಯೇ ಬೇಕು ಅನ್ನೋರಿಗೆ ವೆಚ್ಚ ಮತ್ತು ಗಡುವು ಹೇಳ್ತೀನಿ, ನೋಡಿ ತೀರ್ಮಾನ ಮಾಡಿ. ನೋಂದಣಿ ಶುಲ್ಕ 2024ರ ಮೇ ತನಕ 12 ಪೌಂಡ್ ಇತ್ತು. ಆಮೇಲೆ 50, 2026ರ ಫೆಬ್ರವರಿಯಿಂದ 100. ಹಳೇ ವಿಡಿಯೊ ನೋಡಿ 12 ಅಂತ ಹೋಗಬೇಡಿ. 2025ರ ನವೆಂಬರ್ 18ರಿಂದ ನಿರ್ದೇಶಕರು ಮೊದಲು ತಮ್ಮ ಗುರುತು ಪರಿಶೀಲನೆ ಮಾಡಿಸಿಕೊಂಡಿರಬೇಕು. ನೋಂದಾಯಿತ ವಿಳಾಸ ಆ ದೇಶದೊಳಗಿನದ್ದೇ ಆಗಬೇಕು, ಪೋಸ್ಟ್ ಬಾಕ್ಸ್ 2024ರ ಮಾರ್ಚ್‌ನಿಂದ ನಡೆಯಲ್ಲ. ನೀವಿರೋ ಬಾಡಿಗೆ ರೂಮಿನ ವಿಳಾಸ ಕೊಟ್ಟರೆ ಎರಡು ತೊಂದರೆ: ಬಾಡಿಗೆ ಕರಾರಿನಲ್ಲಿ ವ್ಯಾಪಾರ ಬೇಡ ಅಂತ ಇರಬಹುದು, ಮತ್ತೆ ಆ ವಿಳಾಸ ಜಗತ್ತಿಗೆಲ್ಲ ಕಾಣುತ್ತೆ. ವಿಳಾಸ ಸೇವೆ ಕೊಡೋರು ಇದ್ದಾರೆ, ಅಂಚೆ ತೆರೆದು ಸ್ಕ್ಯಾನ್ ಮಾಡಿ ಕಳಿಸೋರನ್ನ ಆರಿಸಿ. ತೆರಿಗೆ ಇಲಾಖೆಯ ಕೋಡು ಇರೋ ಕಾಗದ ಅಂಚೇಲೇ ಬರೋದು.

ವ್ಯಾಪಾರ ಶುರುವಾದ 3 ತಿಂಗಳೊಳಗೆ ಕಾರ್ಪೊರೇಷನ್ ತೆರಿಗೆಗೆ ನೋಂದಣಿ. ಲಾಭ 50,000 ಪೌಂಡಿನವರೆಗೆ ಶೇ 19. ಮೊದಲ ಲೆಕ್ಕಪತ್ರ ಕಂಪನಿ ಹುಟ್ಟಿದ 21 ತಿಂಗಳೊಳಗೆ. ಇದನ್ನ ಕೇಳಿ ‘ಅಬ್ಬ, ತುಂಬ ಟೈಮಿದೆ’ ಅನ್ನಬೇಡಿ. ತೆರಿಗೆಯ ಅವಧಿ 12 ತಿಂಗಳಿಗಿಂತ ಉದ್ದ ಇರಲ್ಲ, ತೆರಿಗೆಯನ್ನ ಆ ಅವಧಿ ಮುಗಿದ 9 ತಿಂಗಳು ಒಂದು ದಿನಕ್ಕೆ ಕಟ್ಟಬೇಕು. ಲೆಕ್ಕಪತ್ರ ಒಂದು ದಿನ ತಡವಾದರೂ 150 ಪೌಂಡ್ ದಂಡ, ಆರು ತಿಂಗಳು ದಾಟಿದರೆ 1,500. ಎರಡು ಚೀಲ ಕಾಫಿಯ ಲಾಭ ಅದಕ್ಕೇ ಸರಿಹೋಗುತ್ತೆ.

ನೌಕರರಿರಬಾರದು ಅನ್ನೋ ಷರತ್ತಿಗೆ ಒಂದು ಸೂಕ್ಷ್ಮ ಇದೆ. ನಿಮ್ಮ ಕಂಪನಿಯಿಂದ ನೀವೇ ಸಂಬಳ ತಗೊಂಡರೆ ನೀವು ಅದರ ನೌಕರರಾ? ಈ ಪ್ರಶ್ನೆಗೆ ಜಾಗ ಕೊಡೋದೇ ಬೇಡ ಅನ್ನೋರು ಸೋಲ್ ಟ್ರೇಡರ್ ಆಗ್ತಾರೆ. ಕಂಪನಿ ಮಾಡೋರು ಅಲ್ಲಿನ ಪರವಾನಗಿ ಇರೋ ವಲಸೆ ಸಲಹೆಗಾರರಿಂದ ಬರವಣಿಗೇಲಿ ಉತ್ತರ ತಗೊಂಡು ಮುಂದುವರಿಯಿರಿ. ಶನಿವಾರದ ಸಂತೆಗೆ ರೂಮ್‌ಮೇಟ್‌ನ ಕರೆದುಕೊಂಡು ಹೋಗಿ ಗಂಟೆಗಿಷ್ಟು ಅಂತ ಕೊಡೋದಂತೂ ಬೇಡವೇ ಬೇಡ. ‘ಫ್ರೀಲಾನ್ಸರ್’ ಅಂತ ಹೆಸರಿಟ್ಟ ಮಾತ್ರಕ್ಕೆ ನೌಕರ ಅಲ್ಲ ಅಂತಾಗಲ್ಲ.

ಗಿರಿಶ್ರೇಣಿ (ಮೂಡಿಗೆರೆ)

ಆಸ್ಟ್ರೇಲಿಯಾ ಬಗ್ಗೆ. ನಮಗೆ ಸಿಗೋದು ಸಬ್‌ಕ್ಲಾಸ್ 462 ಅನ್ನೋ ವರ್ಕ್ ಅಂಡ್ ಹಾಲಿಡೇ ವೀಸಾ. 2024ರ ಅಕ್ಟೋಬರಿನಲ್ಲಿ ಮೊದಲ ಲಾಟರಿ ಆಯ್ತು, ವರ್ಷಕ್ಕೆ 1,000 ಜಾಗ, ಹೆಸರು ಹಾಕಕ್ಕೇ 25 ಡಾಲರ್. ವಯಸ್ಸು 18ರಿಂದ 30, ಅವಧಿ 12 ತಿಂಗಳು, ಕೈಯಲ್ಲಿ 5,000 ಆಸ್ಟ್ರೇಲಿಯನ್ ಡಾಲರ್. ಗೊತ್ತುಪಡಿಸಿದ ಕೆಲಸವನ್ನ 3 ತಿಂಗಳು ಮಾಡಿದರೆ ಎರಡನೇ ವರ್ಷ ಕೇಳಬಹುದು.

ವ್ಯಾಪಾರ ಮಾಡೋರಿಗೆ ಎಬಿಎನ್ (ಅಲ್ಲಿನ ವ್ಯಾಪಾರ ನೋಂದಣಿ ಸಂಖ್ಯೆ) ಉಚಿತ, ಸರ್ಕಾರದ ತಾಣದಲ್ಲೇ ತಗೊಳ್ಳಿ. ಎಬಿಎನ್ ಇಲ್ಲದೆ ಬಿಲ್ ಕೊಟ್ಟರೆ ಎದುರಿನವರು ಶೇ 47 ಹಿಡಿದುಕೊಂಡೇ ಕೊಡ್ತಾರೆ. ತೆರಿಗೆ ಮೊದಲ ಡಾಲರಿನಿಂದಲೇ ಶೇ 15, 45,000ದವರೆಗೆ. 8547 ಅನ್ನೋ ಷರತ್ತು ಒಬ್ಬರ ಹತ್ತಿರ 6 ತಿಂಗಳಿಗಿಂತ ಹೆಚ್ಚು ದುಡಿಯಬಾರದು ಅನ್ನುತ್ತೆ. ಒಬ್ಬನೇ ಗಿರಾಕಿಯನ್ನ ನಂಬಿರೋ ಸಾಫ್ಟ್‌ವೇರಿನವರು ಎಬಿಎನ್ ಇದೆ ಅಂತ ಇದನ್ನ ಮರೆಯಬಾರದು. ಪ್ರೊಪ್ರೈಟರಿ ಕಂಪನಿ (ಅಲ್ಲಿನ ಖಾಸಗಿ ಕಂಪನಿ) ಮಾಡಿದರೆ ಕನಿಷ್ಠ ಒಬ್ಬ ನಿರ್ದೇಶಕ ಅಲ್ಲೇ ವಾಸ ಇರಬೇಕು, ನೀವು ವಿಮಾನ ಹತ್ತಿದ ದಿನ ಆ ಷರತ್ತು ಮುರೀತು. ಹಾಗಾಗಿ 12 ತಿಂಗಳ ವೀಸಾಕ್ಕೆ ಕಂಪನಿ ಬೇಡ.

ಎಚ್ಚರಿಕೆ: ಹಣ್ಣು ಕೀಳೋ, ಪಾತ್ರೆ ತೊಳೆಯೋ ಕೆಲಸಕ್ಕೆ ‘ಎಬಿಎನ್ ತಗೊಂಡು ಬಾ’ ಅನ್ನೋ ಮಾಲೀಕರಿದ್ದಾರೆ. ಅದು ನಿಮ್ಮ ವ್ಯಾಪಾರ ಅಲ್ಲ. ಕನಿಷ್ಠ ಕೂಲಿ, ನಿವೃತ್ತಿ ನಿಧಿ, ವಿಮೆ ತಪ್ಪಿಸಿಕೊಳ್ಳೋ ದಾರಿ ಅದು, ಅಲ್ಲಿನ ಕಾನೂನಿಗೂ ವಿರುದ್ಧ.

ಹೇಮಾವತಿ ದಂಡೆ

ಹಾಗಾದ್ರೆ ಬ್ರಿಟನ್, ಸೋಲ್ ಟ್ರೇಡರ್. ಪ್ಯಾಕೆಟ್ ಜೊತೆಗೆ ವಾರದ ಸಂತೇಲಿ ನಮ್ಮ ಫಿಲ್ಟರ್ ಕಾಫಿ ಲೋಟದಲ್ಲಿ ಕೊಟ್ಟರೆ ಹೇಗೆ? ಎಸ್ಪ್ರೆಸೊ ಯಂತ್ರ ಬೇಡ್ವಲ್ಲ.

ಸೆಲೆಕ್ಷನ್ 795

ಒಳ್ಳೇ ದಾರಿ. ಎರಡು ಗ್ರೂಪಿನ ಎಸ್ಪ್ರೆಸೊ ಯಂತ್ರ, ಗ್ರೈಂಡರ್ ಹೊಸದು ತಗೊಂಡ್ರೆ ನಿನ್ನ 5,000 ಅಲ್ಲೇ ಮುಗೀತು. ಸ್ಟೀಲಿನ ದೊಡ್ಡ ಫಿಲ್ಟರ್ ನಾಲ್ಕು, ಹಾಲು ಕಾಯಿಸಕ್ಕೆ ಒಲೆ, ನೀರಿನ ಬಾಯ್ಲರ್ ಅಂದ್ರೆ ಅದರ ಒಂದು ಮೂಲೆಗೂ ಬರಲ್ಲ. ಪುಡಿ ತನ್ನ ತೂಕದ ಎರಡರಷ್ಟು ನೀರು ಕುಡಿಯುತ್ತೆ. 100 ಗ್ರಾಂ ಪುಡಿಗೆ 400 ಮಿಲಿ ಬಿಸಿನೀರು ಹಾಕಿದ್ರೆ ಕೆಳಗಿಳಿಯೋದು 200 ಮಿಲಿ ಡಿಕಾಕ್ಷನ್, ಲೋಟಕ್ಕೆ 30 ಮಿಲಿಯಂತೆ ಆರು ಲೋಟ ಧಾರಾಳ. ಕೆಜಿ ಪುಡಿಗೆ ಅರವತ್ತು ಲೋಟ ಅಂತ ಹಿಡಿ. ಇಳಿಯಕ್ಕೆ ಅರ್ಧ ಗಂಟೆ ಬೇಕು, ಸಂತೇಲಿ ನಿಂತು ಇಳಿಸಕ್ಕಾಗಲ್ಲ. ಬೆಳಿಗ್ಗೇನೇ ಇಳಿಸಿ ಫ್ಲಾಸ್ಕಿಗೆ ತುಂಬಿಕೋ. ಚಿಕೋರಿ ಬೆರೆಸಿದ ಪುಡಿಯಾದ್ರೆ ಪ್ಯಾಕೆಟ್ ಮೇಲೆ ಚಿಕೋರಿ ಇರೋದು ಬರೀಬೇಕು. ಬರೀ ‘ಕಾಫಿ’ ಅಂತ ಮಾರೋ ಹಾಗಿಲ್ಲ.

ಕೋಟೆ ಬೀದಿ

ಲೋಟದಲ್ಲಿ ಕೊಡೋದಾಗಲಿ ಪ್ಯಾಕೆಟ್ ಮಾರೋದಾಗಲಿ, ಶುರು ಮಾಡೋ 28 ದಿನ ಮುಂಚೆ ಸ್ಥಳೀಯ ಕೌನ್ಸಿಲ್‌ನಲ್ಲಿ ಆಹಾರ ವ್ಯಾಪಾರ ಅಂತ ನೋಂದಾಯಿಸಬೇಕು, ಉಚಿತ. ಸಂತೆಯ ಆಯೋಜಕರು ಸಾರ್ವಜನಿಕ ಹೊಣೆ ವಿಮೆಯ ಕಾಗದ ಕೇಳ್ತಾರೆ, ಕರೆಂಟಿನ ವಸ್ತುಗಳಿಗೆ ಸುರಕ್ಷತಾ ಪರೀಕ್ಷೆಯ ಚೀಟಿ ಕೇಳ್ತಾರೆ. ರಸ್ತೆ ಬದಿ ನಿಲ್ಲೋದಾದ್ರೆ ಕೌನ್ಸಿಲ್‌ನ ಬೀದಿ ವ್ಯಾಪಾರದ ಪರವಾನಗಿ ಬೇರೆ. ಹಾಲು ಅಲರ್ಜಿ ಪಟ್ಟಿಯಲ್ಲಿದೆ, ಬೋರ್ಡ್ ಹಾಕಿ. ಪ್ಯಾಕೆಟ್ ಮೇಲೆ ಬ್ರಿಟನ್ನಿನ ವಿಳಾಸ ಇರಲೇಬೇಕು, ಸಕಲೇಶಪುರದ ವಿಳಾಸ ಮಾತ್ರ ಹಾಕಿದ್ರೆ ಸಾಲದು. ಬೀಜ ತರಿಸಕ್ಕೆ ಜಿಬಿ ಅಂತ ಶುರುವಾಗೋ ಇಒಆರ್‌ಐ ಸಂಖ್ಯೆ ಬೇಕು, ಅದೂ ಉಚಿತ.

ವ್ಯಾಟ್‌ನಲ್ಲಿ ಒಂದು ತಮಾಷೆ ಇದೆ. ಬೀಜ-ಪುಡಿಗೆ ಶೂನ್ಯ ದರ, ಅದೇ ಪುಡಿ ಬಿಸಿ ಕಾಫಿಯಾಗಿ ಲೋಟಕ್ಕೆ ಬಂದರೆ ಶೇ 20. ವಹಿವಾಟು 90,000 ಪೌಂಡ್ ದಾಟೋ ತನಕ ನೋಂದಣಿ ಕಡ್ಡಾಯ ಅಲ್ಲ, ನಿಮಗೆ ಸದ್ಯಕ್ಕೆ ತಲೆನೋವಿಲ್ಲ.

ತಣ್ಣೀರುಹಳ್ಳ

ಎರಡು ವರ್ಷ ಆದಮೇಲೆ? ವ್ಯಾಪಾರ ಕುದುರಿದ್ರೆ ವೀಸಾ ಮುಂದುವರಿಸ್ತಾರಾ?

ಕೋಟೆ ಬೀದಿ

ಇಲ್ಲ ಅಕ್ಕ. ಈ ವೀಸಾ ವಿಸ್ತರಣೆ ಆಗಲ್ಲ. ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗಬೇಕು ಅಂದ್ರೆ ಪ್ರಾಯೋಜಕ ಸಂಸ್ಥೆ ಬೇಕು, ಸಾಮಾನ್ಯ ಸಂಬಳದ ಮಿತಿ 2025ರ ಜುಲೈ 22ರಿಂದ 41,700 ಪೌಂಡ್. ಇನ್ನೊವೇಟರ್ ಫೌಂಡರ್ ವೀಸಾಕ್ಕೆ ಒಪ್ಪಿಗೆ ಕೊಡೋ ಸಂಸ್ಥೆಯ ಪತ್ರ ಬೇಕು, ಹೊಸತನ ತೋರಿಸಬೇಕು. ಫಿಲ್ಟರ್ ಕಾಫಿ ನಮಗೇ ಹಳೇದು.

ಲೆಕ್ಕದ ಪುಸ್ತಕ

ಕಂಪನಿ ಮಾಡಿದವರು ಮುಚ್ಚೋ ದಿನದಿಂದ ಹಿಂದಕ್ಕೆ ಎಣಿಸಿ. ಹೆಸರು ತೆಗೆಸೋ ಡಿಎಸ್01 ಅರ್ಜಿ ಹಾಕಕ್ಕೆ ಹಿಂದಿನ 3 ತಿಂಗಳು ವ್ಯಾಪಾರ ನಡೆದಿರಬಾರದು. ಅರ್ಜಿ ಆದಮೇಲೆ ಗೆಜೆಟ್‌ನಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಕನಿಷ್ಠ 2 ತಿಂಗಳು. ತೆರಿಗೆ ಬಾಕಿ ಇದ್ರೆ ಇಲಾಖೆಯೇ ಆಕ್ಷೇಪಣೆ ಹಾಕಿ ನಿಲ್ಲಿಸುತ್ತೆ. ಅಂದ್ರೆ 18ನೇ ತಿಂಗಳಿಗೆ ಮಾರಾಟ ನಿಲ್ಲಿಸಿದ್ರೆ 21ಕ್ಕೆ ಅರ್ಜಿ, 24ರೊಳಗೆ ಮುಗಿಯುತ್ತೆ. ಅಷ್ಟರೊಳಗೆ ಅಪ್ಪನ ರಫ್ತಿನ ಬಾಕಿ ತೀರಿಸಿ, ಬ್ಯಾಂಕ್ ಖಾತೆ ಖಾಲಿ ಮಾಡಿ ಮುಚ್ಚಿ. ಕಂಪನಿ ಹೋದಮೇಲೆ ಖಾತೇಲಿ ಉಳಿದ ದುಡ್ಡು ಅಲ್ಲಿನ ಸರ್ಕಾರದ ಪಾಲು, ವಾಪಸ್ ಪಡೆಯೋದು ದೊಡ್ಡ ಹೋರಾಟ.

ಮುಚ್ಚದೆ ಇಟ್ಟುಕೊಂಡು ಊರಿಂದಲೇ ನಡೆಸಕ್ಕೆ ಅಲ್ಲಿನ ಕಾನೂನು ಅಡ್ಡ ಬರಲ್ಲ. ಆದರೆ ಇಲ್ಲಿ ಸಾಮಾನ್ಯ ನಿವಾಸಿಯಾದ ವರ್ಷದಿಂದ ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿ ಪಟ್ಟೀಲಿ ಆ ಷೇರು, ಆ ಖಾತೆ ಎರಡನ್ನೂ ತೋರಿಸಬೇಕು. ಬಚ್ಚಿಟ್ಟರೆ 2015ರ ಕಪ್ಪು ಹಣ ಕಾಯ್ದೆಯಲ್ಲಿ ದಂಡ 10 ಲಕ್ಷ ರೂಪಾಯಿ. ಸ್ಥಿರಾಸ್ತಿ ಬಿಟ್ಟು ಉಳಿದದ್ದರ ಒಟ್ಟು ಮೌಲ್ಯ 20 ಲಕ್ಷದೊಳಗಿದ್ರೆ 2024ರ ಅಕ್ಟೋಬರಿನಿಂದ ಆ ದಂಡದಿಂದ ವಿನಾಯಿತಿ ಇದೆ, ತೋರಿಸೋದರಿಂದ ಇಲ್ಲ.

ಹೇಮಾವತಿ ದಂಡೆ

ಬರೆದುಕೊಂಡೆ ಸರ್. ಅಲ್ಲಿನ ಸಿಮ್ ಕಾರ್ಡ್ ವಾಪಸ್ ಬಂದಮೇಲೂ ಇಟ್ಟುಕೋಬೇಕಾ?

ಲೆಕ್ಕದ ಪುಸ್ತಕ

ಕೊನೇ ರಿಟರ್ನ್ ಆಗೋವರೆಗೂ ಇಟ್ಟುಕೊಳ್ಳಿ. ಬ್ಯಾಂಕಿನ ಒಟಿಪಿ, ತೆರಿಗೆ ಇಲಾಖೆಯ ಕೋಡು ಎರಡೂ ಆ ನಂಬರಿಗೇ ಬರೋದು. ಹೊರಡೋ ಮುಂಚೆ ರೋಮಿಂಗ್ ಆನ್ ಇದೆಯಾ ನೋಡಿಕೊಳ್ಳಿ, ತೋಟದೊಳಗೆ ಸಿಗ್ನಲ್ ಸಿಗೋ ಗುಡ್ಡ ಯಾವುದು ಅಂತಲೂ.